ಜಪಾನ್ ಕಾರಿನ ಹಿಂದಿನ ಆಕ್ಸಲ್

ಮೊನ್ನೆ ನಮ್ಮ ಬೀದಿಯಲ್ಲಿ ನೀರಿನ ಟ್ಯಾಂಕರ್ ಒಂದು ಕೆಟ್ಟು ನಿಂತಿತ್ತು. ಡ್ರೈವರು ಹಿಂದಿನ ಚಕ್ರಗಳ ನಡುವೆ ಮಲಗಿ ಏನನ್ನೋ ಬಿಚ್ಚಿದ. ದಪ್ಪ ಕಪ್ಪು ಎಣ್ಣೆ ತಗಡಿನ ಡಬ್ಬಕ್ಕೆ ಇಳಿಯಿತು. ಅದರ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ಗಂಧಕ ಸುಟ್ಟಂಥ, ಮೂಗಿಗೆ ಅಂಟಿಕೊಂಡರೆ ಬಿಡದ ವಾಸನೆ... ಗೇರ್ ಆಯಿಲ್. ನನ್ನ ಕೈ ನಿಂತಿತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕನ ಕೈಯೂ ನಿಂತಿತು.

ಎಪ್ಪತ್ತರ ದಶಕದಲ್ಲಿ ಅಕ್ಕನ ಗಂಡ, ಅಂದರೆ ನನ್ನ ಭಾವ, ಚಿತ್ರದುರ್ಗದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ನಾನು ಹಿರೇಗುಂಟನೂರಿನ ಶಾಲೆಯಲ್ಲಿ ಮೇಡಂ. ಅವರ ಮನೆಯಲ್ಲೇ ಇದ್ದುಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಊರಿನ ಬಾಡಿಗೆ ಕಾರುಗಳೆಲ್ಲ ದೊಡ್ಡ ಹೊಟ್ಟೆಯವು. ಭಾವನದು ಮಾತ್ರ ಜಪಾನಿನ ಪುಟ್ಟ ಕಾರು. ಹೊರದೇಶದಿಂದ ವಾಪಸಾದ ಇಬ್ಬರು ಗೆಳೆಯರು ಒಂದೇ ಹಡಗಿನಲ್ಲಿ ಒಂದೇ ಥರದ ಎರಡು ಕಾರು ತಂದಿದ್ದರಂತೆ. ಅದರಲ್ಲಿ ಒಬ್ಬರು ಬಿಡಿಭಾಗ ಸಿಗದೆ ರೋಸಿಹೋಗಿ ಭಾವನಿಗೆ ಮಾರಿದರು. ಇನ್ನೊಬ್ಬರು ಹಿರಿಯೂರಿನಲ್ಲಿದ್ದರು. ನಮ್ಮ ಕಾರು ನೋಡಬೇಕು ಅಂತ ಒಮ್ಮೆ ಹೆಂಡತಿ ಜೊತೆ ಮನೆಗೂ ಬಂದಿದ್ದರು. ಆಕೆ ಅಕ್ಕನ ಕೈಯಿಂದ ಅರಿಶಿನ ಕುಂಕುಮ ತೆಗೆದುಕೊಂಡು, ಹಿತ್ತಲಿನ ಕನಕಾಂಬರ ಮುಡಿದುಕೊಂಡು ಹೋದರು.

ಭಾವನ ಸ್ವಭಾವ ಒಂದು ಹೇಳಬೇಕು. ಅಕ್ಕ ಏನೇ ಹೇಳಿದರೂ ಬಾಯಲ್ಲಿ ಒಪ್ಪುತ್ತಿರಲಿಲ್ಲ, ಹಿಂದಿನಿಂದ ಹೋಗಿ ಅದನ್ನೇ ಮಾಡುತ್ತಿದ್ದರು. ಬೀಡಿ ಬಿಡಿ ಅಂತ ಅವಳು ಗೋಗರೆದಾಗ, "ಉಸಿರು ಬಿಟ್ರೂ ಬೀಡಿ ಬಿಡಲ್ಲ ಕಣೇ" ಅಂದರು. ಅವತ್ತೇ ಬಿಟ್ಟರು. ಆದರೆ ಅಕ್ಕನಿಗೆ ಗೊತ್ತಾಗಬಾರದಲ್ಲ, ಕಿವಿಯ ಮೇಲೆ ಒಂದು ಬೀಡಿ ಯಾವಾಗಲೂ ಇರುತ್ತಿತ್ತು. ಹಚ್ಚದ ಬೀಡಿ. ಅದು ನನಗೆ ಗೊತ್ತಿತ್ತು, ಗ್ಯಾರೇಜಿನ ಮೇಸ್ತ್ರಿಗೆ ಗೊತ್ತಿತ್ತು. ನನಗೆ ಆಗ ಅದೊಂದು ತಮಾಷೆ. ಈಗ ನೆನೆದರೆ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಸಿಟ್ಟು ಬರುತ್ತದೆ.

ಒಂದು ಬೇಸಿಗೆಯಲ್ಲಿ ಕಾರು ಹಿಂದಿನಿಂದ ಊಳಿಡಲು ಶುರುಮಾಡಿತು. ವೇಗ ಹೆಚ್ಚಿದಂತೆ ಸೀಟಿನ ಕೆಳಗೆ ಯಾರೋ ಸಣ್ಣ ದನಿಯಲ್ಲಿ ಅಳುತ್ತಿರುವಂತೆ ಕೇಳಿಸುತ್ತಿತ್ತು. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನ ನಡುವಿನ ಹಲ್ಲುಚಕ್ರ ಸವೆದಿದೆ, ಇನ್ನು ಹೆಚ್ಚು ದಿನ ಬರುವುದಿಲ್ಲ ಎಂದು ಮೇಸ್ತ್ರಿ ಹೇಳಿದರು. ಎಲ್ಲಿ ವಿಚಾರಿಸಿದರೂ ಬೇರೆ ಸಿಗಲಿಲ್ಲ. ಬಂದ ಬಾಡಿಗೆಗಳನ್ನು ಬಿಟ್ಟು ಭಾವ ಮನೆಯಲ್ಲಿ ಕೂತರು.

ಅದೇ ಹೊತ್ತಿಗೆ ಹಿರಿಯೂರಿನ ಕಾರು ಹೆದ್ದಾರಿಯಲ್ಲಿ ಲಾರಿಗೆ ಗುದ್ದಿತು. ಗಂಡ ಹೆಂಡತಿ ಇಬ್ಬರೂ ಹೋದರು. ಮುಂಭಾಗ ಅಪ್ಪಚ್ಚಿಯಾದ ಆ ಕಾರು ಚಿತ್ರದುರ್ಗದ ಗುಜರಿ ಅಂಗಡಿಗೆ ಬಂತು.

ಭಾವ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ನೋಡಿದರು. ಒಂದೇ ಥರ ಕಂಡರೂ ಒಳಗಿನ ಹಲ್ಲು ಬೇರೆ ಇರಬಹುದು ಅಂತ ಮೇಸ್ತ್ರಿ ಎರಡೂ ಕಡೆ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಚಕ್ರ ಒಂದು ಸುತ್ತು ಬಂದರೆ ನಡುವಿನ ಹಲ್ಲನ್ನು ತಿರುಗಿಸುವ ಶಾಫ್ಟು ಎಷ್ಟು ಸುತ್ತು ತಿರುಗುತ್ತದೆ ಎಂದು ಎಣಿಸಿದರಂತೆ. ನಮ್ಮ ಕಾರಿನಲ್ಲೂ ಅಷ್ಟೇ ಬಂತು. ಮಣ್ಣು ಕೆರೆದು ನೋಡಿದರೆ ಕಬ್ಬಿಣದ ಮೇಲೆ ಅಚ್ಚೊತ್ತಿದ ನಂಬರೂ ಒಂದೇ. ಭಾವ ಗೆದ್ದವರಂತೆ ಇಡೀ ಆಕ್ಸಲ್ಲನ್ನು ಕೈಗಾಡಿಯ ಮೇಲೆ ಹಾಕಿಸಿಕೊಂಡು ಮನೆ ಮುಂದೆ ತಂದು ನಿಲ್ಲಿಸಿದರು. ಹಳೇ ಎಣ್ಣೆ ಒಂದು ತುದಿಯಿಂದ ಸೋರುತ್ತಿತ್ತು. ಅಂಗಳದ ತುಂಬ ಆ ವಾಸನೆ.

ಅಕ್ಕ ಹೊಸಿಲು ದಾಟಲಿಲ್ಲ. "ಅದು ಆ ಗಾಡೀದಾ?" ಅಂತ ಕೇಳಿದಳು. ಭಾವ ಹೂಂ ಅಂದರು.

"ನನ್ನ ಕೈಲಿ ಕುಂಕುಮ ಹಚ್ಚಿಸ್ಕಂಡು ಹೋದ ಹೆಂಗ್ಸು ಅದು. ಅವ್ರನ್ನ ಹೊತ್ಕಂಡು ಹೋದ ಚಕ್ರದ ಕಬ್ಬಿಣ ನಿಮ್ಮ ಬೆನ್ನ ಹಿಂದೆ ಇರಾದು ಬ್ಯಾಡ. ನನ್ನಾಣೆ ಐತೆ."

"ಕಬ್ಬಿಣಕ್ಕೆ ಎಂಥ ಸೂತಕನೇ? ನಾಳೆ ಇದನ್ನೇ ಹಾಕಿಸ್ತೀನಿ, ನೋಡ್ತಿರು" ಅಂದರು ಭಾವ. ಕಿವಿಯ ಮೇಲಿನ ಬೀಡಿ ತೆಗೆದು ಬಾಯಿಗಿಟ್ಟುಕೊಂಡರು. ಅಕ್ಕ ಅವತ್ತು ಊಟ ಮಾಡಲಿಲ್ಲ.

ಮರುದಿನ ಸಂಜೆ ಬಸ್ಸಿಳಿದು ಬರುವಾಗ ಗ್ಯಾರೇಜಿಗೆ ಹೋದೆ. ಸತ್ತ ಕಾರಿನ ಎರಡು ರಾಡುಗಳು, ಎಂದರೆ ಆಕ್ಸಲ್ಲಿನ ಒಳಗಿದ್ದು ಚಕ್ರ ತಿರುಗಿಸುವ ಉದ್ದನೆಯ ಸರಳುಗಳು, ಗೋಡೆಗೆ ಒರಗಿ ನಿಂತಿದ್ದವು. ಮೇಸ್ತ್ರಿಯ ಮುಖ ಗಂಟಿಕ್ಕಿತ್ತು.

"ನೀವಾದ್ರೂ ಹೇಳ್ರಿ ತಂಗ್ಯಮ್ಮ. ಇಡೀ ಆಕ್ಸಲ್ ಹಾಕಾಣ ಅಂದ್ರೆ ಅಣ್ಣಾರು ಕೇಳ್ತಿಲ್ಲ. ನಡುವಿನ ಹಲ್ಲು ಮಾತ್ರ ಸಾಕಂತೆ, ರಾಡು ನಮ್ಮವೇ ಇರ್ಲಂತೆ. ನಮ್ಮ ರಾಡಿನ ಬೇರಿಂಗ್ ಹೋಗೈತೆ. ಬೇರಿಂಗ್ ಬದಲಾಯಿಸ್ಬೇಕಂದ್ರೆ ಅದನ್ನ ಹಿಡ್ಕಂಡಿರೋ ಉಂಗುರ ಒಡೀಬೇಕು. ಜಪಾನಿನೋರು ಒತ್ತಿ ಕೂರಿಸಿರೋ ಉಂಗುರ ಅದು. ಅದೇ ಚಕ್ರನ ಒಳಗೆ ಹಿಡಿಯಾದು."

"ಲೇತ್ ಮಿಶಿನ್‌ನಾಗೆ ಹೊಸಾದು ಕಡೆದು ಕೊಡ್ತಾರೆ, ಏನೂ ಆಗಲ್ಲ" ಅಂದರು ಅಲ್ಲೇ ನಿಂತಿದ್ದ ಭಾವ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ, "ಹಲ್ಲು ಒಳಗೆ ಎಣ್ಣೇಲಿ ಮುಳುಗಿರ್ತದೆ, ಅದಕ್ಕೇನೂ ಇಲ್ಲ. ಚಕ್ರ ಹೊತ್ತ ಕಬ್ಬಿಣ ಬ್ಯಾಡ ಅಂದಳಲ್ಲ ನಿಮ್ಮಕ್ಕ, ಅದನ್ನ ಬಿಟ್ಟೀನಿ. ಅವಳಿಗೆ ಹೇಳ್ಬ್ಯಾಡ ಮತ್ತೆ, ತಲೆ ಮ್ಯಾಲೆ ಕುಂತ್ಕಂತಾಳೆ" ಅಂದರು. ನಾನು ನಕ್ಕೆ. ಬೀಡಿಯ ಹಾಗೆ ಇದೂ ಒಂದು ಗುಟ್ಟು ಅಂದುಕೊಂಡೆ.

ಕಾರು ಮನೆಗೆ ಬಂತು. ಊಳು ನಿಂತಿತ್ತು. ಆದರೆ ಕೆಲವು ದಿನಗಳಲ್ಲೇ ಅಂಗಳದಲ್ಲಿ ಎಣ್ಣೆಯ ಕಲೆ ಕಾಣಿಸಿಕೊಂಡಿತು. ಬೆಳಿಗ್ಗೆ ಅಕ್ಕ ರಂಗೋಲಿ ಹಾಕಲು ಹೋದರೆ ಬಲಗಡೆಯ ಹಿಂದಿನ ಚಕ್ರ ನಿಂತಿದ್ದ ಕಡೆ ಒಂದು ಕಪ್ಪು ಬೊಟ್ಟು. ಸಗಣಿ ಸಾರಿಸುತ್ತಿದ್ದಳು. ಮಾರನೇ ದಿನ ಅದು ಸ್ವಲ್ಪ ದೊಡ್ಡದಾಗಿರುತ್ತಿತ್ತು. "ಹೆಣದ ವಾಸನೆ ಹೊಡೀತೈತೆ" ಅನ್ನುತ್ತಿದ್ದಳು. ನಾನೂ ಬಸ್ಸಿಗೆ ಹೋಗುವಾಗ ಅದನ್ನು ತುಳಿಯದೆ ಸುತ್ತಿಕೊಂಡು ಹೋಗುತ್ತಿದ್ದೆ. ಭಾವನಿಗೆ ಹೇಳಿದರೆ, "ಎಣ್ಣೆ ತಡೆಯೋ ಸೀಲು ಹೊಸಾದು, ಕೂತ್ಕಂತದೆ. ಈ ಮದುವೆ ಬಾಡಿಗೆ ಮುಗೀಲಿ, ಮೇಸ್ತ್ರಿಗೆ ತೋರಿಸ್ತೀನಿ" ಅಂದರು.

ಹೊಸದುರ್ಗಕ್ಕೆ ಮದುವೆಯವರನ್ನು ಬಿಟ್ಟು, ಹೊಳಲ್ಕೆರೆ ಮೇಲೆ ವಾಪಸ್ ಬರುತ್ತಿದ್ದರು. ಮಟಮಟ ಮಧ್ಯಾಹ್ನ, ಖಾಲಿ ರಸ್ತೆ. ಇಳಿಜಾರಿನ ತಿರುವಿನಲ್ಲಿ ಬಲಗಡೆಯ ಹಿಂದಿನ ಚಕ್ರ ರಾಡಿನ ಸಮೇತ ಕಳಚಿಕೊಂಡು ಹೊರಗೆ ಬಂತು. ಕಾರು ಹುಣಸೆ ಮರಕ್ಕೆ ಹೊಡೆಯಿತು. ಪುಣ್ಯಕ್ಕೆ ಒಬ್ಬರೇ ಇದ್ದರು ಅಂದವರಿದ್ದಾರೆ. ಯಾರ ಪುಣ್ಯವೋ ಏನೋ...

ನಾವು ಅಲ್ಲಿಗೆ ಹೋದಾಗ ಆ ಚಕ್ರವನ್ನು ಹೊತ್ತು ತಂದವನು ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕ. "ಕುರಿ ಚೆದುರಿದ್ವು ಅಂತ ತಿರುಗಿ ನೋಡಿದ್ರೆ ಚಕ್ರ ಒಂದೇ ಬರ್ತಿತ್ತಮ್ಮ. ಕಾರು ಆಮ್ಯಾಲೆ ಕಂಡಿದ್ದು" ಅಂದ. ಪೊಲೀಸಿನವರು ಕೊಟ್ಟ ಗಂಟಿನಲ್ಲಿ ಭಾವನ ವಾಚು, ಕನ್ನಡಕ, ಒಂದು ಬೀಡಿ ಇದ್ದವು. ದಾರ ಸಡಿಲಾಗಿ, ಎಲೆ ಪುಡಿಯಾಗುತ್ತಿದ್ದ ಹಳೇ ಬೀಡಿ. ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು, "ನೋಡು, ಇದನ್ನೂ ಬಿಡಲಿಲ್ಲ" ಅಂದಳು.

ತಿಥಿ ಮುಗಿದ ಮೇಲೆ ಮೇಸ್ತ್ರಿ ಬಂದು ಹಿತ್ತಲಲ್ಲಿ ನಿಂತು ಅತ್ತರು. ಲೇತಿನಲ್ಲಿ ಮಾಡಿಸಿದ ಉಂಗುರ ದಿನಾ ಚೂರು ಚೂರೇ ಜಾರಿತ್ತು, ಅಂಗಳದಲ್ಲಿ ಎಣ್ಣೆ ಸೋರಿದ್ದೂ ಅದರಿಂದಲೇ. ಇಡೀ ಆಕ್ಸಲ್ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ ಅಂದರು. "ಅಕ್ಕಾರಿಗೆ ಹೇಳ್ಲೇನಮ್ಮ?" ಅಂತ ಕೇಳಿದರು. ಬೇಡ ಅಂದೆ. ಹೇಳಿದರೆ, ಗಂಡ ತನ್ನ ಮಾತು ಕೇಳಿಯೇ ಸತ್ತರು ಎಂದು ಅವಳಿಗೆ ತಿಳಿಯುತ್ತಿತ್ತು. ಹೇಳದಿದ್ದರೆ ಜೀವನವಿಡೀ ಅವರನ್ನು ಬೈದುಕೊಂಡಿರುತ್ತಾಳೆ. ಬೈದುಕೊಂಡಾದರೂ ಬದುಕಲಿ ಅನ್ನಿಸಿತು. ಮೇಸ್ತ್ರಿಯೂ ಈಗಿಲ್ಲ.

ಮೊನ್ನೆ ಟ್ಯಾಂಕರ್ ರಿಪೇರಿಯಾಗಿ ಹೋದ ಮೇಲೂ ವಾಸನೆ ಮನೆಯೊಳಗೆ ಉಳಿದಿತ್ತು. ಅಕ್ಕನಿಗೆ ಎಂಬತ್ತಾಗುತ್ತ ಬಂತು, ಕಣ್ಣು ಮಂಜಾಗಿದೆ. ಅವರೆಕಾಯಿ ಬುಟ್ಟಿ ಪಕ್ಕಕ್ಕಿಟ್ಟಳು.

"ಕಿಟಕಿ ಹಾಕೇ. ಆ ಗಾಡಿ ಕಬ್ಬಿಣ ಬ್ಯಾಡ ಅಂದಿದ್ದೆ. ಆಣೆ ಇಟ್ಟಿದ್ದೆ. ಒಂದು ಮಾತು ಕೇಳಲಿಲ್ಲ ನಿಮ್ಮ ಭಾವ."

ನಾನು ಎದ್ದು ಕಿಟಕಿ ಹಾಕಿದೆ.

"ಇಲ್ಲಕ್ಕ, ಕೇಳಲಿಲ್ಲ" ಅಂದೆ. ಭಾವ ಇದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು.