ಫಲಕವಿಲ್ಲದ ಏಳನೇ ಕೊಠಡಿ

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳಿನಷ್ಟು ತಗ್ಗಿತ್ತು. ಹೆಮ್ಮಿಗೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ಲಸಿಕೆಯ ಪೆಟ್ಟಿಗೆ ಹೊತ್ತು ನಡೆದ ವರ್ಷಗಳು ಆ ಭುಜದಲ್ಲಿ ಉಳಿದುಕೊಂಡಿದ್ದವು. ನಾನು ಅವರನ್ನು ಹತ್ತಿರದಿಂದ ಕಂಡದ್ದು ಪೆಟ್ಟಿಗೆ ಇಳಿಸಿದ ಮೇಲೆ, ತಿ. ನರಸೀಪುರದ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಬುಧವಾರಗಳಂದು ಅಲ್ಲಿ ನಡೆಯುತ್ತಿದ್ದ ವ್ಯಸನ ಚಿಕಿತ್ಸೆಯ ಹೊಣೆ ಅವರದು. ಎಲ್ಲರಿಗೂ ಅವರು ಸಿಸ್ಟರಮ್ಮ. ನಾನು ಗುತ್ತಿಗೆಯ ಡೇಟಾ ಆಪರೇಟರ್. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ. ಆದ್ದರಿಂದಲೇ ಇರಬೇಕು, ಬರೆದದ್ದನ್ನೆಲ್ಲ ಮೂರು ಬಾರಿ ಓದುವ ಅಭ್ಯಾಸ.

ಚಿಕಿತ್ಸೆಯ ಸ್ಥಳ ಜನರಿಗೆ ತಿಳಿಯುವಂತೆ ಫಲಕ ಹಾಕಬೇಕೆಂಬ ಸುತ್ತೋಲೆ ಬಂದಾಗ, ಆ ಕೆಲಸವನ್ನು ನಾನೇ ಕೇಳಿ ಪಡೆದೆ. ‘ಮಾದಕ ವ್ಯಸನಿಗಳ ಚಿಕಿತ್ಸಾ ಕೇಂದ್ರ’ ಎಂದು ನೀಲಿ ಬಣ್ಣದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದೆ. ಮೂರು ಬುಧವಾರ ಒಬ್ಬರೂ ಬರಲಿಲ್ಲ.

ನಾಲ್ಕನೆಯ ಬುಧವಾರ ನನ್ನ ಅಣ್ಣ ಬಂದ. ಗಾರೆ ಕೆಲಸದಲ್ಲಿ ಸೊಂಟ ಹಿಡಿದಾಗ ಶುರುವಾದ ನೋವಿನ ಮಾತ್ರೆ ಅವನನ್ನು ಬಿಟ್ಟಿರಲಿಲ್ಲ; ಅತ್ತಿಗೆ ತವರಿಗೆ ಹೋಗಿ ತಿಂಗಳಾಗಿತ್ತು. ಅವನನ್ನು ಒಪ್ಪಿಸಲು ನನಗೆ ಒಂದು ವರ್ಷ ಹಿಡಿದಿತ್ತು. ಬಾಗಿಲಲ್ಲಿ ಫಲಕ ಓದುತ್ತ ನಿಂತ. ಎದುರಿನ ಬೆಂಚಿನಲ್ಲಿ ನಮ್ಮೂರಿನ ಇಬ್ಬರಿದ್ದರು.

“ನೀನ್ ಬರ್ದ ಬೋರ್ಡಾ? ಚೆನ್ನಾಗದೆ. ಇದರ ಕೆಳ್ಗೆ ನಾನ್ ನಿಂತ್ಕಬೇಕಾ?” ಎಂದವನೇ ಹೊರಟುಹೋದ.

ಸಿಸ್ಟರಮ್ಮ ನನ್ನನ್ನು ಬೈಯಲಿಲ್ಲ. “ಬರವಣಿಗೇಲಿ ಒಂದ್ ತಪ್ಪಿಲ್ಲ ಕಣಪ್ಪ. ಬಂದೋರೆಲ್ಲ ಓದ್ಕಂಡು ವಾಪಸ್ ಓಯ್ತಾವ್ರೆ, ಅಷ್ಟೇಯ,” ಎಂದು ಸ್ಟೂಲು ಹತ್ತಿ ಫಲಕ ಇಳಿಸಿದರು. ಬಿ.ಪಿ., ಸಕ್ಕರೆ ಕಾಯಿಲೆಯವರನ್ನು ನೋಡುವ ಏಳನೇ ಕೊಠಡಿಗೇ ಈ ಚಿಕಿತ್ಸೆಯನ್ನೂ ಸೇರಿಸಿದರು. ಎಲ್ಲರಿಗೂ ಒಂದೇ ಸಾಲು, ಒಂದೇ ಬಣ್ಣದ ಚೀಟಿ.

ತಪಾಸಣೆಗೆ ಬಂದ ಅಧಿಕಾರಿ, ಫಲಕವಿಲ್ಲದಿದ್ದರೆ ಜನರಿಗೆ ತಿಳಿಯುವುದು ಹೇಗೆ ಎಂದು ಕೇಳಿದರು.

“ನಾನೇ ಓಗಿ ಏಳ್ಬತ್ತೀನಿ ಸಾ. ಲಸಿಕೆ ಕಾಲದಿಂದ ಎಲ್ಲಾರ ಮನೆ ಗೊತ್ತು.”

ಸಿಸ್ಟರಮ್ಮ ಮೊದಲು ಹೋದದ್ದು ಅಣ್ಣ ಗಾರೆ ಕಲಸುತ್ತಿದ್ದಲ್ಲಿಗೆ. ನಾನೂ ಜೊತೆಗಿದ್ದೆ.

“ನಿನ್ ಬಾಯ್ಗೆ ಪೋಲಿಯೋ ಹನಿ ಬುಟ್ಟೋಳು ನಾನು ಕಣ್ಲಾ. ಈಗ ಯಾವ್ ಮಾತ್ರೆ ಬಾಯ್ಗ್ ಆಕ್ಕತೀಯೆ ಅಂತ ನನ್ ತಾವ ಏಳಕ್ಕೆ ನಾಚ್ಕೆಯಾ?”

“ಪೊಲೀಸ್ಗೆ ಎಸರು ಕೊಡ್ತಾರಂತಲ್ಲ ಸಿಸ್ಟರಮ್ಮ?”

“ಚಿಕಿತ್ಸೆಗೆ ಬಂದೋರ ಎಸರು ನನ್ ಪುಸ್ತಕ ಬುಟ್ಟು ಎಲ್ಲೂ ಓಗಲ್ಲ. ಬುಧವಾರ ಬಾ, ಬಿ.ಪಿ. ನೋಡಿಸ್ಕಂಡೋಗು.”

ಅಣ್ಣ ಬಂದ. ಎರಡು ಬಾರಿ ಜಾರಿ ಮತ್ತೆ ಮಾತ್ರೆಗೆ ಮರಳಿದ. ಎರಡು ಬಾರಿಯೂ ಅವನಿಗೆ ಅದೇ ಬಣ್ಣದ ಚೀಟಿ, ಅದೇ ಬೆಂಚು. ಅತ್ತಿಗೆ ಯುಗಾದಿಗೆ ಮರಳಿ ಬಂದರು. ಈಗ ಅವರಿಬ್ಬರೂ ಒಟ್ಟಿಗೇ ಗಾರೆ ಕೆಲಸಕ್ಕೆ ಹೋಗುತ್ತಾರೆ.

ಸಿಸ್ಟರಮ್ಮ ನಿವೃತ್ತರಾಗಿದ್ದಾರೆ. ನಾನು ನಂಜನಗೂಡಿಗೆ ಬಂದಿದ್ದೇನೆ. ಕಳೆದ ತಿಂಗಳು ಇಲ್ಲಿಯೂ ಇಂಥದೇ ಚಿಕಿತ್ಸೆ ಆರಂಭವಾಯಿತು. ಫಲಕ ಬರೆಯುವ ಕೆಲಸ ನನಗೇ ಬಂತು. ಸಿಸ್ಟರಮ್ಮನ ಕಥೆಯನ್ನು ಇಲ್ಲಿನ ವೈದ್ಯರಿಗೆ ಹೇಳಿ, ಒಪ್ಪಿಗೆ ಪಡೆದು, ಕೊಠಡಿಯ ಸಂಖ್ಯೆಯನ್ನಷ್ಟೇ ಬರೆದೆ. ಅಭ್ಯಾಸದಂತೆ ಮೂರು ಬಾರಿ ಓದಿ, ಸಿಸ್ಟರಮ್ಮನವರಿಗೆ ಅದರ ಚಿತ್ರ ಕಳುಹಿಸಿದೆ.

“ತಪ್ಪಿಲ್ಲ ಕಣಪ್ಪ,” ಎಂದು ಉತ್ತರ ಬಂತು.