ಅಜ್ಜಿಯ ಅರ್ಧ ಹಿಡಿ

ಮೇಷ್ಟರು ಅವಳನ್ನು ಮೊದಲು ಕಂಡದ್ದು ಅಧ್ಯಾಪಕರ ಕೊಠಡಿಯಲ್ಲಿ. ಹಾಜರಿ ಪುಸ್ತಕ ಒಯ್ಯಲು ಬಂದ ಹುಡುಗಿ, ಅವರ ಊಟದ ಡಬ್ಬಿಯ ಮುಚ್ಚಳ ಎತ್ತಿ ಮೂಗು ತೂರಿಸಿದ್ದಳು.

“ಏನೇ ಅದು, ಕಳ್ಳಿ?”

“ತಿನ್ನಲ್ಲ ಸಾರ್. ಇದನ್ನ ಯಾರು ಮಾಡಿದ್ದು? ಈರುಳ್ಳೀನ ಯಾಕೆ ಇಷ್ಟು ಕಪ್ಪಗೆ ಹುರಿದಿದಾರೆ?”

“ಮನೇಲಿ ನಾನೇ ಕೇಳೋಕೆ ಹೆದರೋ ಪ್ರಶ್ನೆ ಕಣಮ್ಮ ಅದು!” ಎಂದು ಮೇಷ್ಟರು ನಕ್ಕುಬಿಟ್ಟರು. ಅಂದಿನಿಂದ ಶಾಲೆಗೆಲ್ಲ ಅವಳು ‘ಮುಚ್ಚಳ’.

ಮುಚ್ಚಳ ಓದು ಮುಗಿಸಿ ಪತ್ರಿಕೆ ಸೇರಿದಳು. ಅಪಘಾತ, ನಗರಸಭೆ, ನಲ್ಲಿಯ ಜಗಳ ಎಲ್ಲವನ್ನೂ ಬರೆದು, ಸಂಪಾದಕರನ್ನು ಕಾಡಿ ಬೇಡಿ ಭಾನುವಾರಕ್ಕೊಂದು ಅಂಕಣ ಗಿಟ್ಟಿಸಿಕೊಂಡಳು. ಯಾರದಾದರೂ ಒಲೆಯ ಪಕ್ಕ ಕುಳಿತು, ಅಡುಗೆಯನ್ನೂ ಅಡುಗೆಯವರ ಬದುಕನ್ನೂ ಬರೆಯುವ ಕೆಲಸ. ಅದಕ್ಕಾಗಿಯೇ ಹುಟ್ಟಿದವಳು ಎಂದರು ಮೇಷ್ಟರು.

ಮೂರನೆಯ ವಾರಕ್ಕೇ ಎಡವಟ್ಟಾಯಿತು. ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತಳಾದ ಅಜ್ಜಿಯೊಬ್ಬಳ ತರಕಾರಿ ಸೂಪಿನ ಬಗ್ಗೆ ಬರೆದಿದ್ದಳು. ಉಪ್ಪೆಷ್ಟು ಎಂದು ಕೇಳಿದ್ದಕ್ಕೆ ಅಜ್ಜಿ “ಅರ್ಧ ಹಿಡಿ ಕಣೇ” ಎಂದಳು. ಇವಳು ಹಾಗೆಯೇ ಬರೆದು ಅಚ್ಚಿಗೆ ಕೊಟ್ಟಳು. ಸೋಮವಾರ, ಸೂಪು ಬರೀ ಉಪ್ಪು ಎಂಬ ದೂರುಗಳಿಂದ ಕಚೇರಿಯ ಫೋನಿಗೆ ಪುರುಸೊತ್ತಿಲ್ಲ.

“ಉಪ್ಪು ತಿಂದೋರು ನೀರು ಕುಡೀಲೇಬೇಕು ಅಂತಾರೆ. ನೀನು ಊರಿಗೆ ಊರಿಗೇ ಕುಡಿಸ್ದೆ,” ಎಂದು ಸಂಪಾದಕರು ಸಿಡುಕಿದರು. “ಅಚ್ಚಿನ ತಪ್ಪು ಅಂತ ಒಂದು ಸಾಲು ಬರೆದು ಕೈ ತೊಳ್ಕೋ. ಇಲ್ಲಾಂದ್ರೆ ಅಂಕಣಕ್ಕೆ ಮಂಗಳ ಹಾಡ್ತೀನಿ.”

“ಅಚ್ಚಿನೋರು ಏನ್ ಮಾಡಿದ್ರು ಸಾರ್? ತಪ್ಪು ನಂದು. ಬರೆದು ತಂದುಕೊಡ್ತೀನಿ, ಓದಿ ಆಮೇಲೆ ಹಾಡಿ.”

ಮರುದಿನ ಬಟ್ಟಲೊಂದನ್ನು ಹಿಡಿದು ಅಜ್ಜಿಯ ಮನೆಗೆ ಹೋದಳು. ಅಜ್ಜಿ ಮತ್ತೆ ಸೂಪು ಮಾಡುವಾಗ, ಉಪ್ಪು ಪಾತ್ರೆಗೆ ಬೀಳುವ ಮುನ್ನ ಅವಳ ಕೈಯ ಕೆಳಗೆ ಬಟ್ಟಲು ಒಡ್ಡಿದಳು. ಬೆರಳುಗಳು ಸೊಟ್ಟಗಾಗಿ ಮಡಚಿಕೊಂಡಿದ್ದ ಆ ಪುಟ್ಟ ಕೈಯಿಂದ ಬಿದ್ದದ್ದು ಎರಡು ಸಣ್ಣ ಚಮಚ. ತನ್ನ ಕೈಯ ಅರ್ಧ ಹಿಡಿ ಅಳೆದರೆ ಅದರ ಮೂರು ಪಟ್ಟಿತ್ತು. ಕೇಳಿಸಿಕೊಂಡಿದ್ದಳು, ಕೈಯನ್ನು ನೋಡಿರಲಿಲ್ಲ!

ಅದನ್ನೇ ಬರೆದಳು: ಅಜ್ಜಿಯ ಕೈ, ಅದು ಸವೆದ ಬಗೆ, ತನ್ನ ತಪ್ಪು. ಸಂಪಾದಕರು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, “ಇನ್ನೊಂದು ವಾರ ನೋಡೋಣ” ಎಂದರು. ಆ ‘ಇನ್ನೊಂದು ವಾರ’ ಇಪ್ಪತ್ತು ವರ್ಷ ನಡೆಯಿತು. ನಡುವೆ ನಾಲ್ಕು ಪುಸ್ತಕಗಳು ಬಂದವು. ಒಂದೊಂದರ ಬಿಡುಗಡೆಯಲ್ಲೂ ಮೇಷ್ಟರು ಮುಂದಿನ ಸಾಲಿನಲ್ಲಿ ಕುಳಿತು, ಯಾರೂ ಕೇಳದಿದ್ದರೂ ಪಕ್ಕದವರಿಗೆ ಹೇಳುತ್ತಿದ್ದರು: “ನಮ್ಮ ಶಾಲೆ ಹುಡುಗಿ.”

ಈಗ ಅವಳು ಆಸ್ಪತ್ರೆಗಳ ಅಡುಗೆಮನೆಗಳನ್ನು ಕುರಿತು ಬರೆಯುತ್ತಿದ್ದಾಳೆ. ಭಾನುವಾರ ಮಾತ್ರ ಬಟ್ಟಲಿನೊಡನೆ ಮೇಷ್ಟರ ಮನೆಗೇ ಬರುತ್ತಾಳೆ.

“ಏನೇ ಮುಚ್ಚಳ, ನನ್ನ ಕೈ ಮೇಲೂ ನಂಬಿಕೆ ಇಲ್ವಾ?” ಎಂದು ಮೇಷ್ಟರ ಹೆಂಡತಿ ರೇಗುತ್ತಾರೆ.

“ಇದೆ ಅಮ್ಮ. ಆದ್ರೆ ಓದೋರ ಹತ್ರ ನಿಮ್ಮ ಕೈ ಇಲ್ವಲ್ಲ? ಅದ್ಸರಿ, ಆ ಈರುಳ್ಳೀನ ಯಾಕಮ್ಮ ಅಷ್ಟು ಕಪ್ಪಗೆ ಹುರೀತೀರಾ?”

ಮೇಷ್ಟರು ಮೆಲ್ಲಗೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಕಿವಿ ನಿಮಿರಿಸುತ್ತಾರೆ.