ಕೆಲಸವಿಲ್ಲದೆ ಕಾಡಿಗೆ ಹೋದ ಲಾಮಿಯಾ

ಕಿನಬತಾಂಗನ್ ಹೊಳೆಯ ದಂಡೆಯಲ್ಲಿರುವ ನಮ್ಮ ಹಳ್ಳಿಯಲ್ಲಿ ಲಾಮಿಯಾಳನ್ನು ಎಲ್ಲರೂ ಮಾಚಿಕ್, ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಾರೆ. ನನಗೆ ಮಾತ್ರ ಆಕೆ ಸ್ವಂತ ಚಿಕ್ಕಮ್ಮ, ಅಮ್ಮನ ತಂಗಿ. ಮನೆಯ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಬಿಟ್ಟುಕೊಟ್ಟ ಮೇಲೆ ಅಡುಗೆ ಅವಳ ಪಾಲಿಗೆ, ದೋಣಿ ಅವಳ ಗಂಡ ಅಸ್ಪಾರ್ ಚಿಕ್ಕಪ್ಪನ ಪಾಲಿಗೆ, ಬಂದವರ ಇಂಗ್ಲಿಷಿಗೆ ಉತ್ತರ ಕೊಡುವುದು ನನ್ನ ಪಾಲಿಗೆ ಬಂತು.

ಹೊಸಬರ ಮುಂದೆ ಬಾಳೆಹಣ್ಣಿನ ಬಜ್ಜಿ ಇಟ್ಟು ಚಿಕ್ಕಮ್ಮ ನನ್ನ ಕಡೆ ತಿರುಗುತ್ತಿದ್ದಳು. "ಕೇಳೇ ಇವರ್ನ, ಇವರೂರಲ್ಲಿ ಮರ ಇಲ್ವಂತಾ?"

ನಾನು ಅದನ್ನು ಕೊಂಚ ನಯ ಮಾಡಿ ಕೇಳುತ್ತಿದ್ದೆ. ಕೆಲವರಿಗೆ ಉದ್ದ ಮೂಗಿನ ಕೋತಿಯ ಫೋಟೋ ಬೇಕಿರುತ್ತಿತ್ತು. ಒಬ್ಬ ಹುಡುಗಿ, ತನ್ನ ಮದುವೆ ಮುರಿದಿದೆ, ನೆಂಟರು ಸಿಗದ ಜಾಗ ಬೇಕಿತ್ತು ಎಂದಳು. "ಹಾಗಾದ್ರೆ ಸರಿಯಾಗೇ ಬಂದಿದಾಳೆ. ಇಲ್ಲಿರೋರೆಲ್ಲ ನನ್ನ ನೆಂಟ್ರು, ಅವಳವರು ಒಬ್ರೂ ಇಲ್ಲ" ಎಂದ ಚಿಕ್ಕಮ್ಮ ಅವಳ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. ಆನೆ ನೋಡಲು ಬಂದೆವು ಎಂದವರನ್ನು ಕಂಡರಂತೂ ಅವಳಿಗೆ ಕನಿಕರ. ಮದುವೆಯಾದ ಹೊಸದರಲ್ಲಿ ಅವಳು ನೆಟ್ಟ ಬಾಳೆಯನ್ನೆಲ್ಲ ಆನೆಗಳು ತಿಂದು ಹೋಗಿದ್ದವು. "ನಾವು ಡಬ್ಬ ಬಡಿದು ಓಡಿಸ್ತೀವಿ, ಇವರು ವಿಮಾನ ಹತ್ತಿ ನೋಡೋಕೆ ಬರ್ತಾರೆ. ಪಾಪ!"

ಕಾಡು ಅವಳಿಗೆ ಹೊಸದೇನೂ ಅಲ್ಲ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಬೆತ್ತ ಕಡಿಯಲು ಹೋಗುತ್ತಿದ್ದಳು. ಹೊಳೆಯಾಚೆಯದು ರಕ್ಷಿತ ಅರಣ್ಯವಾದ ಮೇಲೆ ಬೆತ್ತದ ಕೆಲಸ ನಿಂತಿತು, ಅವಳು ಆ ಕಡೆ ಹೋಗುವುದೂ ನಿಂತಿತು. ಗಂಡ ಪ್ರವಾಸಿಗಳನ್ನು ಕೂರಿಸಿಕೊಂಡು ಹೋಗುವಾಗ ಒಂದು ಸಲವೂ ಜೊತೆಗೆ ಹೋದವಳಲ್ಲ. "ಕೆಲಸ ಇಲ್ದೆ ಕಾಡಿಗೆ ಹೋಗೋಕೆ ನನಗೇನು ಹುಚ್ಚಾ?" ಎನ್ನುತ್ತಿದ್ದಳು.

ಕಳೆದ ವರ್ಷ ಮಳೆ ತಗ್ಗಿದ ಮೇಲೆ ಓಸಾಕಾದಿಂದ ಮೊರಿಶಿತಾ ಎಂಬವರು ಬಂದರು. ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ಮರದ ಪ್ರಶ್ನೆಯನ್ನು ಅವರಿಗೂ ಕೇಳಿದ್ದಾಯಿತು. ಅವರು ನಿಧಾನವಾಗಿ ಯೋಚಿಸಿ ಹೇಳಿದರು, "ಇಷ್ಟು ವರ್ಷ ಎಲ್ಲರನ್ನೂ ನಾನೇ ಕರ್ಕೊಂಡು ಹೋದೆ. ನಾನು ಕಿಟಕಿಯಾಚೆ ನೋಡೋ ಹಾಗಿರಲಿಲ್ಲ. ಈಗ ಯಾರೋ ದೋಣಿ ನಡೆಸ್ತಾರೆ, ನಾನು ಬರೀ ನೋಡಬಹುದು. ಕಾಡಿನಲ್ಲಿ ಯಾರೂ ನನಗಾಗಿ ಕಾಯ್ತಿರಲ್ಲ."

ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳಿದಾಗ ಚಿಕ್ಕಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಮೊರಿಶಿತಾ ಅವಳನ್ನೇ ನೋಡಿ, "ನಾಳೆ ನೀವೂ ಬನ್ನಿ. ನೀವು ಕೂತಿದ್ದನ್ನೇ ನಾನು ನೋಡಿಲ್ಲ" ಎಂದರು.

"ಅಡುಗೆ ಯಾರು ಮಾಡ್ತಾರಂತೆ?"

"ತಣ್ಣನೆ ಅನ್ನ ತಿಂತೀನಿ ಅಂತಿದಾರೆ ಚಿಕ್ಕಮ್ಮ."

ಮರುದಿನ ಅವಳು ಹಬ್ಬದ ತಲೆವಸ್ತ್ರ ಸುತ್ತಿಕೊಂಡು, ಮಚ್ಚು ಬುಟ್ಟಿ ಹಿಡಿದು ಹೊಳೆಗಿಳಿದಳು.

"ಯಾರನ್ನ ಕಡಿಯೋಕೆ ಹೊರಟೆ?" ಎಂದ ಚಿಕ್ಕಪ್ಪ.

"ಕೈ ಬೀಸ್ಕೊಂಡು ಹೋದ್ರೆ ಕಾಡು ಏನಂದ್ಕೊಳ್ಳುತ್ತೆ?"

"ಕಾಡು ಏನೂ ಅಂದ್ಕೊಳ್ಳಲ್ಲ. ಕಾವಲಿನೋರು ಅಂದ್ಕೋತಾರೆ. ಇಟ್ಟು ಬಾ."

ಗೊಣಗುತ್ತ ಇಟ್ಟು ಬಂದಳು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಒಮ್ಮೆ ಮಡಿಲಲ್ಲಿ, ಒಮ್ಮೆ ದೋಣಿಯ ಅಂಚಿನಲ್ಲಿ ಇಡುತ್ತಿದ್ದಳು. ದಾರಿಯುದ್ದಕ್ಕೂ ಬಾಯಿಗೆ ಬಿಡುವಿರಲಿಲ್ಲ. ಆ ಚಿಗುರು ಸಾರಿಗೆ ಚೆನ್ನ, ಆ ತಿರುವಿನಲ್ಲಿ ಸೀಗಡಿ ದಪ್ಪ, ಈ ಮರದಡಿ ಅಪ್ಪ ದೋಣಿ ಕಟ್ಟುತ್ತಿದ್ದರು. "ಸುಮ್ನಿರೇ, ಪ್ರಾಣಿಗಳೆಲ್ಲ ಓಡೋಗ್ತವೆ" ಎಂದು ಚಿಕ್ಕಪ್ಪ ಗದರಿದ.

ಹೊಳೆ ಹಿಂದೆಂದೋ ದಾರಿ ಬದಲಿಸಿ ಬಿಟ್ಟುಹೋದ ಕೆರೆಯಂಥ ನೀರಿಗೆ ದೋಣಿ ಹೊಗಿಸಿ ಅವನು ಮೋಟಾರು ನಿಲ್ಲಿಸಿದ. ದಂಡೆಯ ಜೊಂಡು ಅಲುಗಿತು. ಮೊದಲು ಒಂದು ಹೆಣ್ಣಾನೆ, ಅದರ ಹಿಂದೆ ಇನ್ನೂ ಕೆಲವು ಹೊರಬಂದವು. ಚಿಕ್ಕಮ್ಮನ ಕೈ ತಾನಾಗಿಯೇ ಬಡಿಯಲು ಏನಾದರೂ ಸಿಗುತ್ತದೆಯೇ ಎಂದು ತಡಕಾಡಿತು. ಬುತ್ತಿಯ ಮುಚ್ಚಳ ಸಿಕ್ಕಿತು. ನಾನು ಅವಳ ಕೈ ಹಿಡಿದುಕೊಂಡೆ.

ಆನೆ ಹುಲ್ಲನ್ನು ಬೇರುಸಮೇತ ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗಿಟ್ಟಿತು.

"ನೋಡೇ, ಕೊಡವಿ ತಿಂತಾಳೆ! ಪೇಟೇಲಿರೋ ನನ್ನ ಸೊಸೆ ಸೊಪ್ಪು ಇಷ್ಟು ಚೊಕ್ಕ ಮಾಡಲ್ಲ" ಎಂದಳು ಚಿಕ್ಕಮ್ಮ.

ಅಷ್ಟರಲ್ಲಿ ಒಂದು ಮರಿ ಕೆಸರಿನಲ್ಲಿ ಜಾರಿ ಹಿಂಬದಿಯ ಮೇಲೆ ಕೂತುಬಿಟ್ಟಿತು. ತಾಯಿ ಕಾಲಿನಿಂದ ಮೆಲ್ಲಗೆ ನೂಕಿ ಎಬ್ಬಿಸಿತು. ಚಿಕ್ಕಮ್ಮ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕಳು. ಆನೆಗಳು ಜೊಂಡಿನೊಳಗೆ ಮರೆಯಾದ ಮೇಲೂ ಆ ಕಡೆಯೇ ನೋಡುತ್ತಿದ್ದಳು.

"ಅಪ್ಪ ಬೆತ್ತದ ಹೊರೆ ಹೊತ್ತು ತಲೆ ಬಗ್ಗಿಸ್ಕೊಂಡೇ ನಡೀತಿದ್ರು" ಎಂದಳು ಕೊನೆಗೆ. "ನಾನು ಹಿಂದಿನಿಂದ ಅವರ ಹಿಮ್ಮಡಿ ನೋಡ್ಕೊಂಡು ನಡೀತಿದ್ದೆ. ಇಲ್ಲಿ ಒಂದು ಗಳಿಗೆ ಕೂತಿದ್ರೆ ಏನು ಹೋಗ್ತಿತ್ತೋ!"

ನಾನು ಅದನ್ನು ಮೊರಿಶಿತಾ ಅವರಿಗೆ ಹೇಳಿದೆ. ಅವರು ಎದ್ದು, ದೋಣಿಯ ಮುಂದಿನ ತಮ್ಮ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟರು. ಬರುವಾಗ ಅವಳು ಅಲ್ಲೇ ಕೂತು ಬಂದಳು.

ಹಾಗೆಂದು ಆನೆಗಳೊಡನೆ ಪೂರ್ತಿ ರಾಜಿಯೇನೂ ಆಗಲಿಲ್ಲ. ಅವು ಬೇಲಿಯ ಹತ್ತಿರ ಬಂದಾಗ ಈಗಲೂ ಡಬ್ಬ ಬಡಿಯುತ್ತಾಳೆ. ಕೂಗುವುದು ಮಾತ್ರ ಬೇರೆ ಥರ: "ಹೋಗೇ ತಾಯಿ, ಮರಿ ಕರ್ಕೊಂಡು ಹುಷಾರಾಗಿ ಹೋಗು!"

ಈಗ ಪ್ರವಾಸಿಗಳಿಲ್ಲದ ದಿನ ನೆರೆಮನೆಯ ಹೆಂಗಸರನ್ನು ದೋಣಿಗೆ ತುಂಬಿಕೊಂಡು ಹೊರಡುತ್ತಾಳೆ. ಅವರಲ್ಲಿ ಹೆಚ್ಚಿನವರು ಎದುರಿನ ದಂಡೆಯನ್ನು ಮನೆಯ ಮೆಟ್ಟಿಲಿನಿಂದ ನೋಡಿದ್ದಷ್ಟೇ. ಅಂದು ಮನೆಮನೆಯಲ್ಲೂ ಗಂಡಸರೇ ಅನ್ನಕ್ಕೆ ಇಡುತ್ತಾರೆ. ಮೋಟಾರು ನಿಂತ ಮೇಲೂ ಯಾರಾದರೂ ಪಿಸುಗುಟ್ಟಿದರೆ ಚಿಕ್ಕಮ್ಮ ಅವರ ತೊಡೆ ಚಿವುಟುತ್ತಾಳೆ.